ಹಿಂದೆ ಎರಡು ಮೂಟೆ ಭಾರ

ಊಟದ ಟೇಬಲ್ಲಿನ ಅಂಚಿಗೆ ಮೊಮ್ಮಗಳು ನಂದಿನಿ ಒಂದು ಪ್ಲಾಸ್ಟಿಕ್ ಸ್ಟೇರಿಂಗ್ ಬಿಗಿದಿದ್ದಾಳೆ, ಕೆಳಗೆ ಪೆಡಲ್‌ಗಳನ್ನೂ ಇಟ್ಟಿದ್ದಾಳೆ. ವಿಡಿಯೋ ಗೇಮಂತೆ. ಸಾರಿನ ಪಾತ್ರೆ ಸರಿಸಲು ಹೋದವಳು ಸ್ಟೇರಿಂಗ್ ಮೇಲೆ ಕೈಯಿಟ್ಟೆ. ಗುರ್ರೆಂದು ನಡುಗಿತು. ಅಂಗೈಗೆ ಆ ನಡುಕ ಹಳೆಯ ಪರಿಚಯ, ನಮ್ಮ ಜೀಪಿನದು.

ಆಗ ಕಂಪ್ಲಿಯಲ್ಲಿ ನಮ್ಮ ಅಕ್ಕಿ ಗಿರಣಿಯಿತ್ತು. ವಾರಕ್ಕೊಮ್ಮೆ ಸಂಡೂರಿನ ಅಂಗಡಿಗಳಿಗೆ ಅಕ್ಕಿ ಇಳಿಸಲು ನಮ್ಮವರು ಹೊರಟರೆ ಜೊತೆಗೆ ನಾನೂ. ಕಾನ್ವೆಂಟಿನ ಸಿಸ್ಟರುಗಳು ನನಗೆ ಪಿಯಾನೋ ಕಲಿಸಿದ್ದರು, ಪೋಸ್ಚರ್ ಕಲಿಸಿದ್ದರು. ಡ್ರೈವಿಂಗ್ ಕಲಿಸಿದವರು ಇವರು. ಅದೂ ಸಪಾಟು ರಸ್ತೆಯಲ್ಲಿ ಮಾತ್ರ. ಘಾಟಿನ ಇಳಿಜಾರು ಬಂದೊಡನೆ, "ಆ ಕಡಿ ಸರಿ, ನಾ ಇಳಸ್ತೀನಿ" ಎನ್ನುತ್ತಿದ್ದರು. ನಾನು ಸೆರಗು ಹೊದ್ದು, ಫುಲ್ ಡಿಗ್ನಿಟಿಯಿಂದ ಸರಿಯುತ್ತಿದ್ದೆ. ಇಪ್ಪತ್ತು ವರ್ಷ ಸರಿದೆ. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಪ್ರತಿ ತಿರುವಿನಲ್ಲೂ ಒತ್ತಿದೆ.

ಖಾಲಿ ಜೀಪಿನ ಹಿಂಭಾಗ ತಿರುವಿನಲ್ಲಿ ಕುಣಿಯುತ್ತದೆಂದು ಎರಡು ಮೂಟೆ ಅಕ್ಕಿ ಯಾವಾಗಲೂ ವಾಪಸು ಬರುತ್ತಿದ್ದವು. ಅಂಗಡಿಯವರು ಕೇಳಿದರೆ, "ಅವು ಮಾರಾಕಲ್ರಿ, ಗಾಡಿ ಕುಂದ್ರಸಾಕ" ಎಂದು ಇವರ ಉತ್ತರ.

ನಂದಿನಿಯ ಗೇಮಿನಲ್ಲೂ ಜೀಪು, ಬೆಟ್ಟದ ರಸ್ತೆ. ಒಮ್ಮೆಯಾದರೂ ಇಳಿಜಾರು ನಾನೇ ಇಳಿಸಬೇಕೆನಿಸಿತು. ಕೂತೆ. ಮೂರನೇ ತಿರುವಿಗೇ ಕಣಿವೆ ಸೇರಿದೆ. ನಾಲ್ಕು ಸಲ.

"ಟೈರ್ ಗ್ರಿಪ್ ಫುಲ್ ಇಟ್ಟೀನಜ್ಜಿ. ಇದಕಿಂತ ಬೆಸ್ಟ್ ಸೆಟ್ಟಿಂಗ್ ಇಲ್ಲ."

"ಬೆಸ್ಟ್ ಬ್ಯಾಡ. ಬೆರಳಾಡಿಸಿದ್ರ ಹಾರತೈತಿ, ಇದೇನು ಜೀಪೇನ? ಸ್ಟೇರಿಂಗ್ ಸಡ್ಲ ಮಾಡು. ಸ್ಪ್ರಿಂಗ್ ಮೆತ್ತಗ ಮಾಡು. ಹಿಂದ ಭಾರ ಹಾಕು."

"ಎಷ್ಟು?"

"ಎರಡು ಮೂಟಿ."

"ಇದ್ರಾಗ ಮೂಟಿ ಇಲ್ಲಜ್ಜಿ, ಕೇಜಿ ಐತಿ."

"ಹಂಗಾರ ಇನ್ನೂರು."

"ಚಲೋ ಗಾಡಿ ಕೆಡಿಸಿದಿ ನೋಡು" ಎಂದು ಗೊಣಗುತ್ತ ಹಾಕಿದಳು.

ಈ ಸಲ ಜೀಪು ತುಸು ತೂಗಿತು, ತಡವಾಗಿ ಹೊರಳಿತು, ಹಿಂಭಾಗ ನೆಲ ಕಚ್ಚಿ ಕೂತಿತು. ಮೂರನೇ ತಿರುವು ದಾಟಿತು. ಐದನೆಯದೂ. ಇಷ್ಟರಲ್ಲಿ ಸದ್ದು ಕೇಳಿ ನಮ್ಮವರು ಪೇಪರ್ ಹಿಡಿದೇ ಬಂದು ನಿಂತರು. ಎಂಬತ್ತೆರಡರ ಕಣ್ಣು ಪರದೆಗೆ ಅಂಟಿತು. ಮುಂದೆ ಕೊನೆಯ ಕಡಿದಾದ ತಿರುವು.

"ಆ ಕಡಿ ಸರಿ, ನಾ ಇಳಸ್ತೀನಿ."

"ನೀವು ಆ ಕಡಿ ಕುಂದ್ರಿ," ಎಂದೆ, ಕಣ್ಣು ತೆಗೆಯದೆ.

ಪಕ್ಕದ ಕುರ್ಚಿ ಕಿರ್ರೆಂದಿತು. ಎರಡನೇ ಗೇರಿಗೆ ಇಳಿದು, ತಿರುಗಿಸಿ, ಕಾದು, ಮತ್ತಷ್ಟು ತಿರುಗಿಸಿದೆ. ಜೀಪು ಬಯಲಿಗೆ ಬಂತು. ನಂದಿನಿ ಚಪ್ಪಾಳೆ ತಟ್ಟಿದಳು.

ನಾನು ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದೆ. ಚಪ್ಪಲಿಯಿಲ್ಲದ ನಮ್ಮವರ ಬಲಗಾಲು ಇನ್ನೂ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.