ಕೆಂಪು ಪಟ್ಟು

ಅರಿಶಿನಕ್ಕೆ ಸುಣ್ಣ ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಒದ್ದೆ ಗೋಡೆಯದೂ ಅಲ್ಲ, ಅಡುಗೆಮನೆಯದೂ ಅಲ್ಲ, ಎರಡರ ನಡುವಿನದು. ಮೊನ್ನೆ ಪಕ್ಕದ ಮನೆಗೆ ಹೊಸ ಸೊಸೆ ಬಂದಾಗ ಆರತಿಯ ನೀರು ಕಲಸಲು ನನ್ನನ್ನು ಕರೆದಿದ್ದರು. ಹಳದಿ ನೀರು ಕಣ್ಣೆದುರೇ ರಕ್ತದಂತೆ ಕೆಂಪಾಗುವುದನ್ನು ನೋಡುತ್ತ, ತಟ್ಟೆ ಹಿಡಿದು ನಿಂತೇಬಿಟ್ಟೆನಂತೆ. “ಆಂಟಿ, ಚೆಲ್ತಿದೆ!” ಎಂದು ಯಾರೋ ಕೂಗಿದರು. ಸೀರೆ ಹಾಳಾಯಿತೆಂಬ ಚಿಂತೆ ಮೊದಲು, ಅಪಶಕುನವಾಯಿತೇನೋ ಎಂಬುದು ಆಮೇಲೆ. ಐವತ್ತರ ಹತ್ತಿರ ಬಂದರೂ, ಗ್ಯಾಸ್ ಆರಿಸಿದೆನೇ ಎಂದು ಬೀದಿಯ ತುದಿಯಿಂದ ಮೂರು ಸಲ ವಾಪಸು ಬರುವ ಹೆಂಗಸು ನಾನು. ಅಮ್ಮ ನೆನಪಾದದ್ದು ಈ ಚಿಂತೆಗಳ ಸರದಿ ಮುಗಿದ ಮೇಲೆ.

ಜಯನಗರದಲ್ಲಿ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನಮ್ಮದು ಕೆಂಪು ಗಾರೆ ನೆಲದ, ಹಸಿರು ಕಿಟಕಿಗಳ ಮನೆ. ಹಿತ್ತಲಲ್ಲಿ ಒಂದು ಪರಂಗಿ ಗಿಡ, ಒಂದು ಒಗೆಯುವ ಕಲ್ಲು. ಇದ್ದವರು ಮೂವರೇ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಅಲ್ಲಿ ಯಾರ ಮುಂದೆಯೂ ದನಿ ಎತ್ತದವರು. ಎತ್ತಬೇಕಾದ್ದನ್ನೆಲ್ಲ ಜೋಪಾನವಾಗಿ ಉಳಿಸಿ ಮನೆಗೆ ತರುತ್ತಿದ್ದರು. ಸಂಜೆ ಗೇಟಿನ ಚಿಲಕ ಬಿದ್ದ ಸದ್ದಿನಲ್ಲೇ ಅವತ್ತಿನ ಪಾಡು ನಮಗೆ ತಿಳಿಯುತ್ತಿತ್ತು. ಛತ್ರಿ, ಬೆಲ್ಟು, ಕೋಟಿನ ಮರದ ಹ್ಯಾಂಗರು, ಒಮ್ಮೆ ಕಲಸಿದ ಅನ್ನದ ತಟ್ಟೆ, ಹೀಗೆ ಕೈಗೆ ಸಿಕ್ಕಿದ್ದು ಅಮ್ಮನ ಮೇಲೆ ಬೀಳುತ್ತಿತ್ತು. ಅಡ್ಡ ಬಂದರೆ ನನ್ನ ಮೇಲೆ. ಗೋಡೆಗೆ ಸಿಡಿದ ಸಾರಿನ ಕಲೆಗಳ ಮೇಲೆ ಅಮ್ಮ ಕ್ಯಾಲೆಂಡರು ತೂಗುಹಾಕುತ್ತಿದ್ದಳು. ನಮ್ಮಷ್ಟು ಕ್ಯಾಲೆಂಡರುಗಳಿದ್ದ ಮನೆ ಆ ಬೀದಿಯಲ್ಲೇ ಇರಲಿಲ್ಲ.

ನನಗೆ ಹದಿನಾರಾಗಿದ್ದಾಗ ಸ್ಕೂಲಿನಲ್ಲಿ ಒಂದು ಫಾರಂ ಕೊಟ್ಟರು. ಆಯ್ಕೆಯಾದವರು ಒಂದು ವರ್ಷ ಅಮೆರಿಕದ ಒಂದು ಕುಟುಂಬದಲ್ಲಿ ಮನೆಮಗಳಂತಿದ್ದು, ಅಲ್ಲಿನ ಶಾಲೆಗೇ ಹೋಗಬಹುದು. ಅಲ್ಲಿಯ ಕಕ್ಕಸಿನಲ್ಲಿ ಚೊಂಬು ಇರುತ್ತದೋ ಇಲ್ಲವೋ ಎಂದು ಒಂದು ವಾರ ನಿದ್ದೆಗೆಟ್ಟೆ. ಆದರೂ ಹೋಗಲೇಬೇಕು ಎನ್ನುವ ಆಸೆ ಹೊಟ್ಟೆ ಹಸಿದ ಹಾಗಿತ್ತು. ಅಮೆರಿಕ ಹೇಗಾದರೂ ಇರಲಿ, ಅಲ್ಲಿ ನಮ್ಮ ಗೇಟು ಇರುವುದಿಲ್ಲವಲ್ಲ. ಫಾರಮ್ಮಿನಲ್ಲಿ ಒಂದು ಪ್ರಶ್ನೆ: ಮನೆಯವರೆಲ್ಲ ಒಟ್ಟಾಗಿ ಏನು ಮಾಡುತ್ತೀರಿ? ಎರಡು ದಿನ ಯೋಚಿಸಿ “ರೇಡಿಯೋ ಕೇಳುತ್ತೇವೆ” ಎಂದು ಬರೆದೆ. ಸುಳ್ಳಲ್ಲ. ಹೊಡೆತ ಶುರುವಾದರೆ ಅಕ್ಕಪಕ್ಕದವರಿಗೆ ಕೇಳದಿರಲೆಂದು ರೇಡಿಯೋ ಜೋರು ಮಾಡುವುದು ನನ್ನ ಕೆಲಸವಾಗಿತ್ತು. ಅಪ್ಪನಿಗೆ ನನಗಿಂತ ಹೆಚ್ಚು ಆಸೆ, ಕಚೇರಿಯಲ್ಲೆಲ್ಲ ಹೇಳಿಕೊಂಡಿದ್ದರು. ಉಳಿದದ್ದು ಒಂದೇ: ಆರಿಸುವ ಸಂಘದ ಅಮೆರಿಕದ ಹೆಂಗಸೊಬ್ಬಳು ನಮ್ಮ ಮನೆಯನ್ನು ಕಣ್ಣಾರೆ ನೋಡಿ ಒಪ್ಪಬೇಕು.

ಅವಳು ಬರುವ ಭಾನುವಾರಕ್ಕೆಂದು ಅಪ್ಪ ನೀಲಿ ಹೂವಿನ ಆರು ಪಿಂಗಾಣಿ ಕಪ್ಪು ತಂದರು. ಧೂಳಿರಬಹುದೆಂಬ ಚಿಂತೆಗೆ ನಾನು ಅವನ್ನು ಮೂರನೆಯ ಸಲ ತೊಳೆದೆ. ಒಂದು ಜಾರಿತು. ಹಣೆಯ ವಿಭೂತಿ ಇನ್ನೂ ಆರದ ಅಪ್ಪ ಪೂಜೆಯಿಂದ ಎದ್ದು ಬಂದರು.

“ಯಾರೇ ಅದು ಒಡೆದಿದ್ದು?”

ನಾನು ಒದ್ದೆ ಕೈಗಳನ್ನು ಬೆನ್ನ ಹಿಂದಿಟ್ಟುಕೊಂಡೆ. ಪೂರಿ ಲಟ್ಟಿಸುತ್ತಿದ್ದ ಅಮ್ಮ ತಲೆಯೆತ್ತದೆ, “ನಾನೇ ರೀ, ಕೈ ಜಾರ್ತು” ಎಂದಳು.

“ದೊರೆಸಾನಿ ಮನೆಗೆ ಬರೋ ದಿನಾನೇ ಜಾರ್ಬೇಕಾ ನಿನ್ ಕೈ? ನೀಡು ಇಲ್ಲಿ, ನೋಡೋಣ ಅದೆಂಥಾ ಕೈ ಅಂತ.”

ಅಮ್ಮ ಬಲಗೈ ನೀಡಿದಳು. ಅಪ್ಪ ಲಟ್ಟಣಿಗೆ ಎತ್ತಿಕೊಂಡರು. ನಾನು ಅಭ್ಯಾಸಬಲದಿಂದ ರೇಡಿಯೋ ಕಡೆ ಓಡಿದೆ. ಆಗಿನ ರೇಡಿಯೋ ಬಿಸಿಯಾಗಿ ದನಿ ಹೊರಡಲು ಅರ್ಧ ನಿಮಿಷ ಬೇಕಿತ್ತು. ಆ ಅರ್ಧ ನಿಮಿಷದಲ್ಲಿ ಹಸಿ ನುಗ್ಗೆಕಾಯಿ ಮುರಿದಂಥ ಒಂದು ಸದ್ದು ಕೇಳಿತು. ಆಮೇಲೆ ಅಮ್ಮನ ಕೂಗಿನ ಮೇಲೆ ವೀಣಾವಾದನ ಬಂತು.

ಡಾಕ್ಟರ ಹತ್ತಿರ ಹೋಗಲು ಹೊತ್ತಿರಲಿಲ್ಲ. ಅರಿಶಿನ, ಸುಣ್ಣ ಕಲಸಿ, ಬೆಚ್ಚಗೆ ಮಾಡಿ, ಊದಿದ ಮಣಿಕಟ್ಟಿನ ಸುತ್ತ ದಪ್ಪಗೆ ಪಟ್ಟು ಹಾಕಿದೆ. ಅಮ್ಮ ಹಲ್ಲು ಕಚ್ಚಿ ಸುಮ್ಮನೆ ಕೂತಿದ್ದಳು. ಗಂಟೆಯೊಳಗೆ ದೊರೆಸಾನಿ ಬಂದಳು. ಒಳ್ಳೆಯವಳು, ಪೂರಿ ಕೇಳಿ ಹಾಕಿಸಿಕೊಂಡಳು, ನಮ್ಮ ಕ್ಯಾಲೆಂಡರುಗಳನ್ನು ಒಂದೊಂದಾಗಿ ಮೆಚ್ಚಿದಳು. ಅಮ್ಮ ಎಡಗೈಯಲ್ಲಿ ಕಾಫಿ ಕೊಡಲು ಬಗ್ಗಿದಾಗ ಬಲಗೈ ಮುಚ್ಚಿದ್ದ ಸೆರಗು ಜಾರಿತು. ಇದೇನು ಇಷ್ಟು ಚೆಂದದ ಕೆಂಪು, ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದಳು.

ಅಪ್ಪ ನನ್ನನ್ನೇ ನೋಡುತ್ತಿದ್ದರು. ನಿಜದ ಒಂದು ಮಾತು ಸಾಕಿತ್ತು. ಆ ಮಾತಿನ ಆಚೆ ನನ್ನ ಅಮೆರಿಕ ಇರಲಿಲ್ಲ. ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮಲ್ಲಿ ಅತಿಥಿಗಳು ಬಂದಾಗ ಮನೆಯೊಡತಿ ಕೈಗೆ ಹೀಗೆ ಕೆಂಪು ಹಚ್ಚಿಕೊಳ್ಳುವುದು ಪದ್ಧತಿ.

“ಟ್ರೆಡಿಷನ್ ಮೇಡಂ, ವೆರಿ ಓಲ್ಡ್ ಟ್ರೆಡಿಷನ್” ಎಂದರು ಅಪ್ಪ.

ಆಕೆಗೆ ಹಿಗ್ಗೋ ಹಿಗ್ಗು. ಗಡಿಯಾರ ಬಿಚ್ಚಿಟ್ಟು, ತನಗೂ ಹಚ್ಚಿ ಎಂದು ಬಿಳಿಯ ಮುಂಗೈ ನೀಡಿದಳು. ಇಂಗ್ಲಿಷ್ ಬಾರದ ಅಮ್ಮ ಆ ಕೈ ನೋಡಿ, ನನ್ನನ್ನು ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು: “ಅಯ್ಯೋ ಪಾಪ, ಇವ್ರಿಗೂ ಏಟಾಗಿದ್ಯೇನೇ?”

“ಹಚ್ಚಮ್ಮ” ಎಂದೆ. ಅಮ್ಮ ಎಡಗೈ ಬೆರಳಲ್ಲಿ, ನೋಯದ ಹಾಗೆ, ಆ ಗಟ್ಟಿಮುಟ್ಟಾದ ಕೈಗೆ ಪಟ್ಟು ಹಚ್ಚಿ ಮೆಲ್ಲಗೆ ಊದಿದಳು.

ನಾನು ಆಯ್ಕೆಯಾದೆ. ಮೂಳೆ ಕಟ್ಟುವವನನ್ನು ಕರೆಸಿದ್ದು ಮೂರು ದಿನ ಕಳೆದು. ಅಮ್ಮನ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತು. ನನ್ನನ್ನು ಇಟ್ಟುಕೊಳ್ಳುವ ಕುಟುಂಬದಿಂದ ಕಾಗದ ಬಂತು: ಆ ಕೆಂಪು ಪದ್ಧತಿಯ ವಿಷಯ ಕೇಳಿದ್ದೇವೆ, ಬೇಕಾದ ಪುಡಿ ತಾ, ನೀನು ಬಂದಾಗ ನಾವು ನಾಲ್ವರೂ ಹಚ್ಚಿಕೊಳ್ಳುತ್ತೇವೆ. ಅಪ್ಪ ಅದನ್ನು ಗೇಟಿನಲ್ಲಿ ನಿಂತು ಬೀದಿಯವರಿಗೆಲ್ಲ ಓದಿ ಹೇಳಿದರು. ನಾನು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಹತ್ತಿರ ಅಮ್ಮನಿಗೆ ಎಲ್ಲವನ್ನೂ ಹೇಳಿದೆ: ಅವತ್ತು ಏನೆಂದು ಸುಳ್ಳು ಹೇಳಿದೆ, ಕಾಗದದಲ್ಲಿ ಏನಿದೆ. “ನಾನು ಹೋಗಲ್ಲಮ್ಮ” ಎಂದೆ.

ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಮಾಡದವಳು ಕೆನ್ನೆಗೆ ಬಾರಿಸಿದಳು, ಅದೇ ಸೊಟ್ಟ ಕೈಯಲ್ಲಿ. “ಹೋಗಲ್ವಾ? ಹಂಗಾದ್ರೆ ಈ ಕೈ ಯಾಕೇ ಮುರ್ಸ್ಕೊಂಡೆ ನಾನು?” ಏಟಿನಲ್ಲಿ ಬಲವೇ ಇರಲಿಲ್ಲ. ನೋವಾದದ್ದು ಅವಳಿಗೇ, ಮಣಿಕಟ್ಟು ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟಳು.

ಅಮ್ಮ, ಅಪ್ಪ, ಆ ಮನೆ, ಯಾವುದೂ ಈಗಿಲ್ಲ. ನಾನು ಅಮೆರಿಕಕ್ಕೆ ಹೋದೆ. ಅಲ್ಲಿನ ಮೊದಲ ಬೆಳಿಗ್ಗೆ, ತಿಂಡಿಯ ಮೇಜಿನ ಸುತ್ತ ನಾಲ್ಕು ಜನ ಅಂಗಿಯ ತೋಳು ಮಡಿಚಿ ಕೈ ನೀಡಿ ಕೂತಿದ್ದರು. ಅಮ್ಮ ಕಟ್ಟಿಕೊಟ್ಟ ಅರಿಶಿನಕ್ಕೆ ಅಮ್ಮನದೇ ಡಬ್ಬಿಯ ಸುಣ್ಣ ಬೆರೆಸಿದೆ. ಆ ವಾಸನೆ ಎದ್ದಿತು. ಹಚ್ಚಿಸಿಕೊಳ್ಳುವಾಗ ಏನಾದರೂ ಹೇಳಬೇಕೇ ಎಂದು ಆ ಮನೆಯ ತಾಯಿ ಕೇಳಿದಳು. ಇಲ್ಲ, ಸುಮ್ಮನಿರಬೇಕು, ಎಂದೆ. ಅವರು ಭಕ್ತಿಯಿಂದ ಸುಮ್ಮನಾದರು. ಜಯನಗರದಲ್ಲಿ ಅದು ಸಂಜೆಯ ಹೊತ್ತು, ಗೇಟಿನ ಚಿಲಕ ಬೀಳುವ ಹೊತ್ತು. ರೇಡಿಯೋ ಜೋರು ಮಾಡಲು ಅಲ್ಲಿ ಯಾರೂ ಇರಲಿಲ್ಲ.