ಪಾತ್ರೆಯಿಲ್ಲದ ಒಲೆ

ನಮ್ಮ ಚಿತ್ರಕಲಾ ಮೇಷ್ಟ್ರ ಬಲಗೈ ಹೆಬ್ಬೆರಳು ಸದಾ ಇದ್ದಿಲಿನಿಂದ ಕಪ್ಪಾಗಿರುತ್ತಿತ್ತು. ಎಳೆದ ಗೆರೆಯನ್ನು ಅದರಿಂದಲೇ ತೀಡಿ ನೆರಳು ಮೂಡಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿಯೂ ಅದರ ಗುರುತು ಉಳಿಯುತ್ತಿತ್ತು.

ಚಿಕ್ಕಜಾಜೂರಿನ ನಮ್ಮ ಶಾಲೆಯ ಗೋಡೆಗೆ ಅವರು ಹಳೆಯ ಕ್ಯಾಲೆಂಡರಿನ ಚಿತ್ರವೊಂದನ್ನು ಅಂಟಿಸಿದ್ದರು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಯಾವುದೋ ಮನೆ: ಹಾಸಿಗೆ ಹಿಡಿದ ಗಂಡ, ಬರಿಯ ತಟ್ಟೆಯ ಮುಂದೆ ಕೂಸು, ಗೋಡೆಯ ಕಡೆ ಮುಖ ತಿರುಗಿಸಿ ಕುಳಿತ ತಾಯಿ. ಬದುಕನ್ನು ಇದ್ದಂತೆಯೇ ಬರೆಯುವ ಇಂಥ ಕಲೆಗೆ 'ವಾಸ್ತವವಾದ' ಎಂಬ ಹೆಸರಿದೆಯೆಂದು ನಾನು ಕಲಿತದ್ದು ಪದವಿ ತರಗತಿಯಲ್ಲಿ. ಚಿತ್ರ ಮಾತ್ರ ಆಗಲೇ ಅರ್ಥವಾಗಿತ್ತು. ನನ್ನ ಅಪ್ಪನೂ ಸೊಂಟ ಮುರಿದುಕೊಂಡು ಕಂಬಳಿಯ ಮೇಲೆ ಮಲಗಿದ್ದ.

ಒಮ್ಮೆ 'ನನ್ನ ಮನೆ' ಎಂಬ ಚಿತ್ರ ಬರೆಯಲು ಹೇಳಿದಾಗ ನಾನು ಎರಡು ಗುಡ್ಡ, ನಡುವೆ ಸೂರ್ಯನನ್ನು ಬರೆದೆ.

"ಏನವ್ವಾ, ನಿಮ್ಮನೆ ಹಿಂದೆ ಸೂರ್ಯ ಬಾಡಿಗೆಗೆ ಅವ್ನಾ? ಕಂಡಿದ್ದು ಬರಿ," ಎಂದರು ಮೇಷ್ಟ್ರು.

ಕಂಡದ್ದನ್ನೇ ಬರೆದೆ. ಅಡುಗೆಗೆ ಏನೂ ಇಲ್ಲದ ದಿನವೂ ನೆರೆಯವರಿಗೆ ಹೊಗೆ ಕಾಣಲೆಂದು ಅವ್ವ ನಾಲ್ಕು ಕಡ್ಡಿ ಉರಿಸುತ್ತಿದ್ದಳು. ಪಾತ್ರೆಯಿಲ್ಲದೆ ಉರಿಯುವ ಆ ಒಲೆ, ಅದರ ಮುಂದೆ ಅವ್ವನ ಮುಖ. ಮೇಷ್ಟ್ರು ಹಿಗ್ಗಿ, ವಾರ್ಷಿಕೋತ್ಸವದ ದಿನ ಅದನ್ನು ಶಾಲೆಯ ಬಾಗಿಲಲ್ಲೇ ತೂಗುಹಾಕಿದರು. ಊರೆಲ್ಲ ನೋಡಿತು. ಅವ್ವನೂ ನೋಡಿದಳು.

"ನಾ ಮುಚ್ಚಿಟ್ಟಿದ್ದನ್ನ ಊರಿಗೆಲ್ಲ ತೋರ್ಸಿದ್ಯಲ್ಲೇ! ನಾಳಿಂದ ಇಸ್ಕೂಲ್ ಬ್ಯಾಡ, ಕುರಿ ಹಿಂದೆ ನಡಿ."

ಮೂರನೆಯ ದಿನ ಮೇಷ್ಟ್ರು ಆ ಕ್ಯಾಲೆಂಡರಿನ ಚಿತ್ರವನ್ನು ಗೋಡೆಯಿಂದ ಬಿಡಿಸಿಕೊಂಡು ನಮ್ಮ ಮನೆಗೆ ಬಂದರು. "ಕುಂತ್ಕಳ್ರಿ," ಎಂದ ಅವ್ವ, ಅವರ ಮುಖ ನೋಡದೆಯೇ ಬೆಲ್ಲ, ನೀರು ತಂದಿಟ್ಟಳು.

"ತಪ್ಪು ಹುಡುಗೀದಲ್ಲ ತಾಯಿ, ನಂದು. ನೋಡ್ರಿ, ಇದನ್ನ ಬರ್ದೋನು ಈ ತಾಯಿ ಮುಖಾನ ಗೋಡೆ ಕಡೆ ತಿರುಗ್ಸವ್ನೆ. ಅಷ್ಟು ಮರ್ಯಾದಿ ನಾನು ಕಲಿಸ್ಲಿಲ್ಲ."

ಅವ್ವ ಬಹಳ ಹೊತ್ತು ಚಿತ್ರವನ್ನು ನೋಡಿದಳು. "ಆ ಕೂಸು ಉಂಡೈತೋ ಇಲ್ಲೋ," ಎಂದಳು. ಆಮೇಲೆ ನನ್ನತ್ತ ತಿರುಗಿ, "ನಾಳೆ ಹೋಗು," ಎಂದಳು.

ನಾನು ಪದವೀಧರೆಯಾದದ್ದು ಆ ಒಂದು ಮಾತಿನಿಂದ. ಒಲೆಯ ಸಂಗತಿಯನ್ನು ಇಲ್ಲಿ ಬರೆಯುವ ಮುನ್ನ ಅವ್ವನ ಒಪ್ಪಿಗೆ ಪಡೆದಿದ್ದೇನೆ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಹೊಳಲ್ಕೆರೆಯ ಅವರ ಮನೆಗೆ ಹೋದೆ. ಮೀಯಿಸಿದ್ದರೂ ಹೆಬ್ಬೆರಳಿನ ಕಪ್ಪು ಹೋಗಿರಲಿಲ್ಲ. ಪಕ್ಕದಲ್ಲಿ ಅವರ ಪತ್ನಿ ಎಲ್ಲರಿಗೂ ಎದುರಾಗಿ ಕುಳಿತು ಅಳುತ್ತಿದ್ದರು. ಯಾರೋ ಅದನ್ನು ಚಿತ್ರೀಕರಿಸಲು ಮೊಬೈಲ್ ಎತ್ತಿ ಹಿಡಿದಿದ್ದರು. ಬೇಡವೆನ್ನಲು ನನಗೆ ಧೈರ್ಯ ಬರಲಿಲ್ಲ. ಎದ್ದು ಹೋಗಿ, ಆ ಮೊಬೈಲಿಗೂ ಆ ತಾಯಿಯ ಮುಖಕ್ಕೂ ನಡುವೆ ಕುಳಿತೆ.