ನಾನು ತೊಳೆದು ಕೊಟ್ಟ ನಾಯಕರು

ಮಕ್ಕಳೇ, ನಾಲ್ಕು ಜನರ ಮುಂದೆ ಬಾಯಿ ಬಿಡದ ನಿಮ್ಮ ಅಜ್ಜಿ ಹದಿನೆಂಟು ವರ್ಷ ಸಿನಿಮಾ ಕಥೆ ಹೇಳಿದ್ದಾಳೆ ಎಂದರೆ ನೀವು ನಂಬಲಿಕ್ಕಿಲ್ಲ. ಕೇಳುತ್ತಿದ್ದವರು ಒಬ್ಬರೇ, ಬಾಜೂ ಮನೆಯ ಆಪಾ, ಅಂದರೆ ಅವರ ಮಾತಿನಲ್ಲಿ ಅಕ್ಕ. ನನಗಿಂತ ಆರು ವರ್ಷ ದೊಡ್ಡವರು, ಜಮಖಾನ ನೇಯುವವರು. ಜಮಖಾನದಲ್ಲಿ ನವಿಲು ಮೂಡಬೇಕಾದರೆ ಎಳೆ ಎಣಿಸುತ್ತಲೇ ಕೂಡಬೇಕು. ಕಣ್ಣು ಆಚೀಚೆ ಹೋಯಿತೋ, ನವಿಲಿನ ಕುತ್ತಿಗೆ ಕೋಳಿಯದಾಗುತ್ತದೆ. ಹೀಗಾಗಿ ಮನೆಯಲ್ಲಿ ಟಿ.ವಿ. ಇದ್ದರೂ ಅವರಿಗೆ ನೋಡುವ ಯೋಗವಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನಗೋ ಮಧ್ಯಾಹ್ನಗಳು ಬಹಳ ಉದ್ದವಾದವು. ಇವತ್ತು ನಮ್ಮ ಮನೆಯಲ್ಲಿ ಸಿನಿಮಾ ನೋಡುವುದು, ನಾಳೆ ಅವರ ಮಗ್ಗದ ಪಕ್ಕ ಕೂತು ಅದನ್ನು ಹೇಳುವುದು. ಅವರ ಕಣ್ಣು ನೂಲಿಗೆ, ಕಿವಿ ನನಗೆ.

ನನ್ನಲ್ಲಿ ಒಂದು ದೋಷವಿತ್ತು, ನಾಚಿಕೆ. ನಾಯಕ ನಾಯಕಿಯ ಸೆರಗು ಎಳೆದ ಎಂದು ಹೇಳಲು ನನಗೆ ನಾಲಗೆ ಹೊರಳುತ್ತಿರಲಿಲ್ಲ. 'ಮಾತಾಡಿಸಿದ' ಎನ್ನುತ್ತಿದ್ದೆ. ಕಾಲೇಜಿನಿಂದ ಮನೆಯವರೆಗೆ ಅವಳ ಬೆನ್ನು ಹತ್ತಿದರೆ 'ಮನಿ ಮುಟ್ಟಿಸಿದ'. ಕೆನ್ನೆಗೆ ಬಾರಿಸಿದರೆ 'ಬುದ್ಧಿ ಹೇಳಿದ'. ಅವನ ಕೆನ್ನೆಯ ಗುಳಿ, ಗಾಳಿಗೆ ಹಾರುವ ಕೂದಲು, ನಡುನಡುವೆ ಬರುವ ಹಾಡು, ಇವನ್ನು ಮಾತ್ರ ಒಂದೂ ಬಿಡದೆ ಹೇಳುತ್ತಿದ್ದೆ. ಬರೀ ನಾಚಿಕೆ ಎಂದರೆ ಸುಳ್ಳಾದೀತು. ಟಿ.ವಿ. ಮುಂದೆ ಕೂತಾಗ ನನ್ನ ಕಣ್ಣಿಗೂ ಅದು ಹಾಗೆಯೇ ಕಾಣುತ್ತಿತ್ತು. ಅಷ್ಟು ಚೆಂದ ನಗುವವನು ಕೆಟ್ಟವನಿದ್ದಾನು ಹೇಗೆ?

"ಭಾಳ ಶರೀಫ ಹುಡುಗ ನೋಡು," ಎಂದು ಪ್ರತಿ ಕಥೆಯ ಕೊನೆಗೂ ಆಪಾ ಮೆಚ್ಚುತ್ತಿದ್ದರು. "ನಮ್ಮನಿ ಹುಡುಗ್ಯಾರಿಗೂ ಇಂಥಾವ್ರ ಸಿಗಲಿ."

ಹೋದ ವರ್ಷ ನಿಮ್ಮಲ್ಲಿ ದೊಡ್ಡವಳಿಗೆ ಅಂಥವನೇ ಸಿಕ್ಕ. ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ, "ನಾ ತೆಳ್ಳಗದೀನಿ ಅಂತ ಬರೀಬೇ ಅಜ್ಜಿ" ಎಂಬ ಕರಾರಿನ ಮೇಲೆ.

ಅವಳು ಆಗ ಹುಬ್ಬಳ್ಳಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಹೆಣ್ಣು ನೋಡಲು ಬಂದ ಹುಡುಗ ಎತ್ತರ, ಕೆಂಪು ಮೈಬಣ್ಣ, ನಕ್ಕರೆ ಎರಡೂ ಕೆನ್ನೆಗೆ ಗುಳಿ. ಬಂದವನೇ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಒಂದು ತಾಟು ತಿಂದು ಮುಗಿಸಿ, "ಅಜ್ಜಿ, ಅವಲಕ್ಕಿ ನೀವ ಹಚ್ಚಿದ್ದೇನ್ರಿ? ನನಗ ಇನ್ನೊಂದ ತಾಟ ಬೇಕರಿ," ಎಂದ. ನಾನು ಅಲ್ಲೇ ಕರಗಿ ನೀರಾದೆ. ಅವರು ಹೋದ ಮೇಲೆ ಅವಳ ಅಪ್ಪ, ಅಂದರೆ ನನ್ನ ಹಿರಿಯ ಮಗ, "ಅವ್ವಾ, ನಿನಗ ಹ್ಯಾಂಗ ಅನಸ್ತು?" ಎಂದು ಕೇಳಿದ. ನಾನು ಎರಡು ಸಲ ಗೋಣು ಹಾಕಿದೆ. ನನ್ನ ಆ ಗೋಣಿನ ಮೇಲೆಯೇ ನಿಶ್ಚಯದ ದಿನ ಗೊತ್ತಾಯಿತು.

ಆಮೇಲೆ ಅವನ ಫೋನು ಶುರುವಾಯಿತು. ಎಲ್ಲಿದ್ದೀ, ಯಾರ ಜೊತೆ ಇದ್ದೀ, ಫೋಟೋ ಕಳಿಸು. ಗೆಳತಿಯರು ಚಲೋ ಅಲ್ಲ, ಅವರ ಜೊತೆ ಕೂಡಬೇಡ. ಹುಡುಗಿ ನನ್ನ ಮುಂದೆ ನಗುತ್ತ ಹೇಳುತ್ತಿದ್ದಳು, "ನೋಡ ಅಜ್ಜಿ, ನನ್ನ ಬಿಟ್ಟ ಇರಾಕ ಆಗಂಗಿಲ್ಲಂತ ಅವಗ!" ನಾನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ.

ನಿಶ್ಚಯಕ್ಕೆ ಒಂದು ವಾರವಿದ್ದಾಗ ನಮ್ಮ ಕೇಬಲ್ ಕೆಟ್ಟು ಕೂತಿತು. ಮೂರು ದಿನ ಸಿನಿಮಾ ಇಲ್ಲ. ಆಪಾ ಬಿಡಲಿಲ್ಲ, "ಏನರ ಹೇಳವಾ, ಕೈ ಓಡವಲ್ದು," ಎಂದರು. ಮೊಮ್ಮಗಳೂ ಅವತ್ತು ಕಾಲೇಜಿಗೆ ರಜೆಯೆಂದು ನನ್ನ ಜೊತೆ ಬಂದಿದ್ದಳು. ನನಗೆ ಒಂದು ಕಿಡಿಗೇಡಿತನ ಹೊಳೆಯಿತು. ಅವಳು ನನಗೆ ಹೇಳಿದ್ದ ತನ್ನ ಹುಡುಗನ ಕಥೆಯನ್ನೇ ಸಿನಿಮಾ ಮಾಡಿ ಶುರು ಹಚ್ಚಿದೆ. ಇವಳು ನನ್ನ ತೊಡೆ ಚಿವುಟಿ ನಗುತ್ತಿದ್ದಳು.

"ಒಂದಿನ ಬಸ್‌ಸ್ಟ್ಯಾಂಡಿನ್ಯಾಗ ಆಕಿ ತನ್ನ ಕ್ಲಾಸಿನ ಹುಡುಗನ ಕೂಡ ಮಾತಾಡಿದ್ಳು," ಎಂದೆ. "ಅದನ್ನ ನೋಡಿ ನಾಯಕ ಬಂದಾ, ಪ್ರೀತಿಲೆ ಆಕಿ ಕೈ ಹಿಡದಾ..."

"ಹಿಡೀಲಿಲ್ಲಜ್ಜಿ, ತಿರುವಿದಾ," ಎಂದಳು ಹುಡುಗಿ. ಅವಳಿಗೆ ಚಿಕ್ಕಂದಿನಿಂದಲೂ ನನ್ನ ಕಥೆ ತಿದ್ದುವ ಚಟ. "ನಾಕು ಬಳಿ ಒಡದ್ವು."

ಆಪಾ ನೂಲು ಬಡಿಯುವ ಪಂಜಾ ಕೆಳಗಿಟ್ಟರು. ಹದಿನೆಂಟು ವರ್ಷದಲ್ಲಿ ಕಥೆಯ ನಡುವೆ ಅವರು ಈ ಕಡೆ ಹೊರಳಿ ನೋಡಿದ್ದು ಅದೇ ಮೊದಲು.

"ಆಕಿ ಅತ್ತಳೇನು?"

"ಅತ್ತಳ್ರಿ. ಆಮ್ಯಾಲೆ ಅವ ಐಸ್‌ಕ್ರೀಮ್ ಕೊಡಿಸಿದಾ."

"ಐಸ್‌ಕ್ರೀಮ್ ತಿಂದ್ರ ಬಳಿ ಕೂಡ್ತಾವೇನು?" ಎಂದು ಆಪಾ ನನ್ನ ಕಡೆ ತಿರುಗಿದರು. "ತಂಗೀ, ಖರೇ ಹೇಳು. ಇಷ್ಟ ದಿನ ನೀ ನನಗ ಹೇಳಿದ ಹುಡುಗರೆಲ್ಲಾ ಹಿಂಗ ಕೈ ಹಿಡೀತಿದ್ರೇನು?"

"ಭಾಳಷ್ಟ ಮಂದಿ ಹಂಗ ರೀ," ಎಂದೆ.

"ಆ ಸೈಕಲ್ಲಿನಾಂವ, ದಿನಾ ಆಕಿನ್ನ ಮನಿ ಮುಟ್ಟಸಾಂವ?"

"ಆಕಿ ಬ್ಯಾಡಂದ್ರೂ ಬೆನ್ನ ಹತ್ತತಿದ್ದಾರಿ," ಎಂದೆ ಮೆಲ್ಲಗೆ. "ಒಮ್ಮೆ ಆಕಿ ಸೈಕಲ್ಲಿನ ಗಾಳೀನೂ ಬಿಟ್ಟಿದ್ದಾ."

"ಆ ಜಮೀನ್ದಾರನ ಮಗ?"

"ದೋಸ್ತರ ಕೂಡ ಪಣಾ ಕಟ್ಟಿ ಆಕಿನ್ನ ಒಲಿಸಿಕೊಂಡಿದ್ದಾರಿ."

"ಆ ಹಾಡಾಂವ? ನಾ ಅವನ ಸಲುವಾಗಿ ಅತ್ತೀನಲ್ಲ!"

"ಅಂವ... ಹೂಂ ಅನ್ನೂ ತನಕಾ ಆಕಿನ್ನ ಕಾಳು ತುಂಬೋ ಹಗೇವಿನ ಮನ್ಯಾಗ ಕೂಡಿಹಾಕಿದ್ದಾರಿ."

"ತೌಬಾ, ತೌಬಾ!" ಆಪಾ ಎರಡೂ ಕೆನ್ನೆ ಬಡಿದುಕೊಂಡರು. "ಎಂಥೆಂಥಾ ಬದ್ಮಾಶರಿಗೆ ಸ್ನಾನ ಮಾಡ್ಸಿ, ಅತ್ತರ್ ಹಚ್ಚಿ, ನನ್ನ ಅಳಿಯಂದಿರನ್ನ ಮಾಡಿ ತಂದೀಯಲ್ಲ ತಾಯೀ! ನಾ ನಮಾಜಿನ್ಯಾಗ ದುವಾ ಬೇಡೀನಲ್ಲ, ಇಂಥಾವ್ರ ಸಿಗಲಿ ಅಂತ!"

ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಒಬ್ಬೊಬ್ಬ ನಾಯಕನನ್ನೂ ಮತ್ತೆ ಕರೆಸಿ, ಹಾಡು ತೆಗೆದು, ಗುಳಿ ತೆಗೆದು ವಿಚಾರಣೆ ಮಾಡಿದೆವು. ಕೊನೆಗೆ ಜೈಲಿನ ಹೊರಗೆ ಇಬ್ಬರೇ ಉಳಿದರು, ಅವರೂ ನಾಯಕಿಯ ಅಣ್ಣಂದಿರು. ನಗುತ್ತ ನಗುತ್ತಲೇ ನೋಡಿದೆ, ಮೊಮ್ಮಗಳ ನಗು ನಿಂತಿತ್ತು. ಅವಳು ತನ್ನ ಮುಂಗೈ ಸವರಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಫೋನು ಬಂತು. ಅವನೇ. ಅವಳು ಎತ್ತಲಿಲ್ಲ. ಆರು ಸಲ ಬಡಿದುಕೊಂಡಿತು. ಏಳನೆಯದಕ್ಕೆ ಎತ್ತಿ, ನಮಗೂ ಕೇಳುವಂತೆ ಮುಂದೆ ಹಿಡಿದಳು.

"ಯಾರ ಕೂಡ ಅದೀ?"

"ಅಜ್ಜಿ ಕೂಡ."

"ಸುಳ್ಳ. ಫೋಟೋ ಕಳಸು. ಮದುವಿ ಆಗಲಿ, ನಿನ್ನ ಈ ಕಾಲೇಜಿನ ಸೊಕ್ಕ ಇಳಸ್ತೀನಿ," ಎಂದ. ಮರುಗಳಿಗೆಯಲ್ಲಿ ದನಿ ಬೆಣ್ಣೆಯಾಯಿತು. "ಚಾಷ್ಟಿ ಮಾಡ್ದ್ನಲೇ, ಸಿಟ್ಟಾದಿಯೇನು?"

ಅವನ ಮೋರೆ ಕಾಣುತ್ತಿರಲಿಲ್ಲ. ಬರೀ ಮಾತು ಕೇಳುತ್ತಿತ್ತು. ಹುಡುಗಿ ಫೋನು ಕಟ್ ಮಾಡಿ, "ಅಜ್ಜಿ, ನನಗ ಇಂವ ಬ್ಯಾಡ," ಎಂದಳು. "ಅಪ್ಪಗ ಹೇಳಾಕ ನನಗ ಅಂಜಿಕಿ ಆಗ್ತೈತಿ. ನೀ ಹೇಳ್ತೀಯೇನು?"

ಗೋಣು ಹಾಕಿದವಳು ನಾನು. ಹೇಳದೆ ಗತಿಯಿರಲಿಲ್ಲ.

ಸಂಜೆ ಮಗ ಹೊಲದಿಂದ ಬಂದು ಚಹಾ ಕುಡಿಯುವಾಗ ಎದುರಿಗೆ ಹೋಗಿ ನಿಂತೆ. "ಈ ಸಂಬಂಧ ಬ್ಯಾಡಪಾ," ಎಂದೆ.

"ಈಗ ಬ್ಯಾಡಂದ್ರ ಹ್ಯಾಂಗವ್ವಾ? ಮಾತು ಕೊಟ್ಟೀವಿ. ನೀನ ಹೂಂ ಅಂದಿದ್ದೆಲ್ಲ!"

"ನಾ ಅವನ ಮಾರಿಗೆ ಹೂಂ ಅಂದಿದ್ದೆ. ಅಂವ ನಮ್ಮ ಹುಡುಗಿ ಕೈ ತಿರುವ್ಯಾನ. ಬಳಿ ಒಡದಾನ. ಮದುವಿ ಆದ ಮ್ಯಾಲೆ ಕಾಲೇಜಿನ ಸೊಕ್ಕ ಇಳಸ್ತೀನಿ ಅಂದಾನ." ಯಾವ ಮಾತನ್ನೂ ಮೆತ್ತಗೆ ಮಾಡಲಿಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಹುಡುಗಿ ಬಂದು ತೋಳು ಮೇಲೆ ಮಾಡಿ ತೋರಿಸಿದಳು. ಬಳೆ ಚುಚ್ಚಿದ ಕಲೆ ಇನ್ನೂ ಇತ್ತು. ಮಗ ಅದನ್ನು ನೋಡಿದವನೇ ಹುಡುಗನ ಅಪ್ಪನಿಗೆ ಫೋನು ಹಚ್ಚಿದ. ಆ ಕಡೆಯವರು, ಪ್ರೀತಿ ಇದ್ದಲ್ಲಿ ಇದೆಲ್ಲ ಇದ್ದದ್ದೇ ಎಂದರಂತೆ. "ಹಂಗಾದ್ರ ಆ ಪ್ರೀತಿ ನಿಮ್ಮನ್ಯಾಗ ಇಟ್ಗೋರ್ರಿ," ಎಂದು ಇವನು ಕೆಳಗಿಟ್ಟ.

ಆ ಹುಡುಗ ಅವಳ ದಾರಿಗೆ ಅಡ್ಡ ಬಂದಾನೆಂಬ ಭಯ ಇದ್ದೇ ಇತ್ತು. ಮಗ ಹೊಲದ ಕೆಲಸ ಬಿಟ್ಟು ದಿನಾ ಅವಳ ಬಸ್ಸಿನಲ್ಲೇ ಹುಬ್ಬಳ್ಳಿಗೆ ಹೋಗಿ, ಕಾಲೇಜಿನ ಮುಂದಿನ ಚಹಾದಂಗಡಿಯಲ್ಲಿ ರುಮಾಲು ಸುತ್ತಿಕೊಂಡು ಸಂಜೆತನಕ ಕೂಡುತ್ತಿದ್ದ. ಒಂದು ದಿನ ಆ ಹುಡುಗ ಬೈಕಿನ ಮೇಲೆ ಬಂದನಂತೆ, ಆ ರುಮಾಲು ನೋಡಿ ಹಾಗೇ ತಿರುಗಿಸಿಕೊಂಡು ಹೋದನಂತೆ. ಹದಿನೈದು ದಿನವಾದ ಮೇಲೆ ಹುಡುಗಿಯೇ ಹೇಳಿದಳು:

"ಅಪ್ಪಾ, ನಾಳೆಯಿಂದ ನೀ ಬರಬ್ಯಾಡ. ನಾವು ಗೆಳತ್ಯಾರೆಲ್ಲಾ ಹಿಂದಿನ ಸೀಟಿನ್ಯಾಗ ಕೂಡ್ತೀವಿ. ನೀ ಇದ್ರ ನಮಗ ನಗಾಕ ಆಗವಲ್ದು."